ಹೆಸರಿಗೆ ಮಾತ್ರ ತಂದ ಕಾವಲು

ಬೆಂಕಿಪೊಟ್ಟಣ ಅಪ್ಪಚ್ಚಿಯಾಗಿತ್ತು. ಯಾಕಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ತಂದು ನನ್ನ ಕೀಬೋರ್ಡಿನ ಮೇಲಿಟ್ಟಳು.

"ಅಕ್ಕಾ, ಇದು ಯಾಕೆ ಹೀಗಾಯ್ತು?"

ಅವಳ ನಿಜವಾದ ಹೆಸರು ಬೇರೆ. ನಾವು ಬರೆದ ಪ್ರೋಗ್ರಾಂಗಳನ್ನು ಪರೀಕ್ಷೆ ಮಾಡುವುದು ಅವಳ ಕೆಲಸ; ಇದು ಯಾಕೆ, ಅದು ಯಾಕೆ ಎಂದು ಬೆಳಗಿನಿಂದ ಸಂಜೆಯವರೆಗೆ ಪ್ರಾಣ ತಿನ್ನುತ್ತಾಳೆ. ಅದಕ್ಕೇ ಯಾಕಮ್ಮ. ನನಗೂ ಆಫೀಸಿನಲ್ಲಿ ಒಂದು ಹೆಸರಿಟ್ಟಿದ್ದಾರೆ, ಪೊರಕೆ. ಕಂಡವರ ಕೋಡನ್ನೆಲ್ಲ ಗುಡಿಸಿ ಒಪ್ಪ ಮಾಡದಿದ್ದರೆ ನನಗೆ ತಿಂದದ್ದು ಮೈಗೆ ಹತ್ತುವುದಿಲ್ಲ. ಬೆನ್ನ ಹಿಂದೆ ಹಾಗೆ ಕರೆಯುತ್ತಾರೆಂದು ಗೊತ್ತು. ಎದುರಿಗೆ ಕರೆಯುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

"ನಿನ್ನ ಕಾಲ್ಕೆಳಗೆ ಸಿಕ್ಕಿರುತ್ತೆ. ಕಸ ತಂದು ಕೀಬೋರ್ಡ್ ಮೇಲೆ ಯಾಕೆ ಹಾಕ್ತೀಯ?" ಎಂದೆ.

"ಕಾಲ್ಕೆಳಗಲ್ಲಕ್ಕಾ. ಮೇಜಿನ ಮೇಲಿನ ಕಪಾಟಿಗೆ ಸಿಕ್ತು. ನಿಲ್ಲಲೇ ಇಲ್ಲ ಅದು."

ಮೇಜಿನ ಮೇಲಿನ ಕಪಾಟು ಅಂದರೆ ಒಂದು ಮಾದರಿ, ಹೆಚ್ಚುಕಡಿಮೆ ಆಟದ ಸಾಮಾನು. ದೊಡ್ಡ ದಾಖಲೆ ಕೋಣೆಗಳಲ್ಲಿ ಹಳಿಯ ಮೇಲೆ ಸರಿಯುವ ಕಪಾಟುಗಳಿರುತ್ತವೆ. ಅವನ್ನು ನಡೆಸುವ ಪ್ರೋಗ್ರಾಂ ಬರೆಯುವುದು ನಮ್ಮ ಕಸುಬು. ಜಾಗ ಉಳಿಸಬೇಕೆಂದು ಇಪ್ಪತ್ತು ಕಪಾಟುಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿ, ನಡುವೆ ಒಬ್ಬ ಮನುಷ್ಯ ನುಗ್ಗುವಷ್ಟು ಸಂದು ಒಂದೇ ಒಂದು ಬಿಟ್ಟಿರುತ್ತಾರೆ. ಏಳನೇ ಕಪಾಟಿನ ಕಡತ ಬೇಕೆಂದರೆ ಏಳನ್ನು ಒತ್ತಬೇಕು. ಕಪಾಟುಗಳು ಗುರ್ ಎಂದು ಸರಿದು ಏಳರ ಮುಂದೆ ಸಂದು ತೆರೆಯುತ್ತದೆ, ಮೊದಲು ತೆರೆದಿದ್ದ ಸಂದು ಮುಚ್ಚಿಕೊಳ್ಳುತ್ತದೆ. ಮುಚ್ಚುವ ಸಂದಿನಲ್ಲಿ ಯಾರಾದರೂ ಇದ್ದರೆ? ಕಡತ ತುಂಬಿದ ಕಪಾಟೆಂದರೆ ಲಾರಿಯಷ್ಟು ಭಾರ. ಹಾಗಾಗಿಯೇ ನೆಲಕ್ಕೆ ಹತ್ತಿರವಾಗಿ ಕಣ್ಣಿಗೆ ಕಾಣದ ಬೆಳಕಿನ ಗೆರೆಯೊಂದನ್ನು ಹಾಯಿಸಿರುತ್ತಾರೆ. ಗೆರೆಗೆ ಏನಾದರೂ ಅಡ್ಡ ಬಂತೋ, ನಮ್ಮ ಪ್ರೋಗ್ರಾಂ ಕಪಾಟನ್ನು ನಿಲ್ಲಿಸಬೇಕು. ಪ್ರೋಗ್ರಾಮಿನ ಆ ಭಾಗಕ್ಕೆ ನಾವು ಕಾವಲು ಎನ್ನುತ್ತೇವೆ. ಯಾಕಮ್ಮ ಆಟದ ಕಪಾಟಿನ ಸಂದಿನಲ್ಲಿ ಬೆಂಕಿಪೊಟ್ಟಣ ಇಟ್ಟು ಕಾವಲನ್ನು ಪರೀಕ್ಷಿಸುತ್ತಾಳೆ. ಎರಡು ವರ್ಷದಿಂದ ಅದೇ ಒಂದು ಪೊಟ್ಟಣ, ಮೂಲೆ ಸಹ ಮಡಚಿರಲಿಲ್ಲ.

"ಯಾವ ಪ್ರೋಗ್ರಾಂ ಹಾಕಿ ನೋಡಿದೆ?"

"ನಿನ್ನೆ ನೀವು ಕಳಿಸಿದ್ದು. ನೀವು ಪರೀಕ್ಷೆ ಬೇಡ ಅಂದಿದ್ರಿ. ನಂಗೆ ಸಮಾಧಾನ ಆಗ್ಲಿಲ್ಲ, ಸುಮ್ನೆ ಹಾಕಿ ನೋಡ್ದೆ."

ಬೇಡ ಎಂದಿದ್ದು ನಿಜ. ವಾರವಿಡೀ ನಾನು ಮಾಡಿದ್ದು ಬರೀ ಜೋಡಣೆ. ಹಳಬರು ಬರೆದಿಟ್ಟ ಆ ಪ್ರೋಗ್ರಾಂ ಸಂತೆಯ ಹಾಗಿತ್ತು, ಯಾವುದು ಎಲ್ಲಿದೆ ಎಂದು ಬರೆದವರಿಗೇ ಗೊತ್ತಿರಲಿಲ್ಲ. ದೂರ ಅಳೆಯುವುದನ್ನೆಲ್ಲ ಅಳತೆ ಎಂಬ ಫೋಲ್ಡರಿಗೆ, ಮೋಟಾರಿನದೆಲ್ಲ ಮೋಟಾರಿನ ಫೋಲ್ಡರಿಗೆ ಸಾಗಿಸಿದೆ. ಒಂದು ಲೆಕ್ಕಾಚಾರವನ್ನೂ ಮುಟ್ಟಿರಲಿಲ್ಲ. ನಾವು ಬಳಸುವ ಭಾಷೆಯೋ ಮಹಾ ಶಿಸ್ತಿನದು. ಇದು ಸಂಖ್ಯೆ, ಇದು ಹೆಸರು, ಇದು ಕಪಾಟಿನ ಸ್ಥಿತಿ ಎಂದು ಪ್ರತಿಯೊಂದಕ್ಕೂ ಟೈಪ್ ಬರೆದಿಡಬೇಕು. ಒಂದು ಕಡೆ ತಪ್ಪಿದರೂ, ಬರೆದದ್ದನ್ನು ತಪಾಸಣೆ ಮಾಡಿ ಯಂತ್ರಕ್ಕೆ ಒಪ್ಪಿಸುವ ಕಂಪೈಲರ್ ಕೆಂಪು ಗೆರೆ ಎಳೆದು ರಂಪ ಮಾಡುತ್ತದೆ. ನಿನ್ನೆ ಸಂಜೆ ಒಂದೇ ಒಂದು ಕೆಂಪು ಗೆರೆ ಇರಲಿಲ್ಲ. ನಾನೇನು ನಿನ್ನೆ ಮೊನ್ನೆ ಕೆಲಸ ಕಲಿತವಳೇ? ಆಟದ ಕಪಾಟಿನ ಹತ್ತಿರ ಇನ್ನರ್ಧ ದಿನ ಯಾಕೆ ಹಾಳು ಮಾಡಬೇಕು ಎನ್ನಿಸಿತು.

"ನಿನ್ನ ಬೆಳಕಿನ ತಂತಿ ಬಿಚ್ಕೊಂಡಿರುತ್ತೆ, ನೋಡು ಹೋಗು."

"ನೋಡ್ದೆ. ಹಳೇ ಪ್ರೋಗ್ರಾಂ ಹಾಕಿದ್ರೆ ಸರಿಯಾಗಿ ನಿಲ್ಲುತ್ತೆ. ಹೊಸದು ಹಾಕಿದ್ರೆ ತುಳ್ಕೊಂಡು ಹೋಗುತ್ತೆ. ಮೂರ್ ಸಲ ನೋಡ್ದೆ ಅಕ್ಕಾ. ಯಾಕೆ?"

ಆ 'ಯಾಕೆ' ಕೇಳಿ ಮೈ ಉರಿಯಿತು. ನನ್ನ ಕೆಲಸದಲ್ಲಿ ಹುಳುಕು ಹುಡುಕಲು ಬಂದಳಲ್ಲ ಎಂದು ಕೋಪ ನೆತ್ತಿಗೇರಿತು. ತೋರಿಸುತ್ತೇನೆ ತಾಳು ಎಂದು ಮುಖ್ಯ ಫೈಲನ್ನು ತೆರೆದೆ.

ಒಂದೊಂದು ಫೈಲೂ ಒಂದು ಮಾಡ್ಯೂಲ್. ಒಂದರಲ್ಲಿರುವುದು ಇನ್ನೊಂದಕ್ಕೆ ಬೇಕಾದರೆ, ಇಂಥ ಫೈಲಿನಿಂದ ಇಂಥದ್ದನ್ನು ತಂದುಕೊ ಎಂದು ಮೊದಲ ಸಾಲುಗಳಲ್ಲೇ ಬರೆಯಬೇಕು. ಅದಕ್ಕೆ ಇಂಪೋರ್ಟ್ ಎನ್ನುತ್ತೇವೆ. ಮುಖ್ಯ ಫೈಲಿನ ನಾಲ್ಕನೇ ಸಾಲಿನಲ್ಲಿ ಕಾವಲಿನ ಇಂಪೋರ್ಟ್ ಕಣ್ಣಿಗೆ ರಾಚುವಂತೆ ಕೂತಿತ್ತು.

"ಇದೇನಿದು ಹಾಗಾದ್ರೆ? ಕಣ್ಣು ಕಾಣಲ್ವ? ಕಾವಲು ಇದೆ!"

ಯಾಕಮ್ಮ ಬಗ್ಗಿ ನೋಡಿದಳು. "ಕಾವಲಿನಿಂದ ಏನು ತರಿಸಿದ್ದೀರಾ ಅಕ್ಕಾ?"

"ಸ್ಥಿತಿ ಅಂತ ಒಂದು ಟೈಪ್."

"ಬರೀ ಟೈಪಾ?"

ಹೌದು ಎನ್ನಲು ಹೋದವಳು ನಾಲ್ಕನೇ ಸಾಲನ್ನು ಮತ್ತೊಮ್ಮೆ ಓದಿದೆ.

ಟೈಪ್ ಎಂಬುದು ತಪಾಸಣೆಯ ಹೊತ್ತಿಗೆ ಮಾತ್ರ ಬೇಕಾದ ವಸ್ತು. ತಪಾಸಣೆ ಮುಗಿಯಿತೋ, ಕಂಪೈಲರ್ ಅದನ್ನು ಅಳಿಸಿಬಿಡುತ್ತದೆ. ಯಂತ್ರದಲ್ಲಿ ಓಡುವ ಪ್ರೋಗ್ರಾಮಿನಲ್ಲಿ ಅದರ ಸುಳಿವೂ ಇರುವುದಿಲ್ಲ. ಒಂದು ಫೈಲಿನಿಂದ ಬರೀ ಟೈಪನ್ನು ತರಿಸಿದ್ದರೆ, ಓಡುವ ಹೊತ್ತಿಗೆ ಈ ಸಾಲಿನಿಂದ ಉಪಯೋಗವಿಲ್ಲ ಎಂದು ಇಂಪೋರ್ಟ್ ಸಾಲನ್ನೇ ಕಿತ್ತುಹಾಕುತ್ತದೆ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ಹೊಸಬರಿಗೆ ಪಾಠ ಹೇಳಿದವಳೇ ನಾನು. ಕಾವಲಿನ ಫೈಲಿಗೆ ಒಂದು ಗುಣವಿತ್ತು: ಅದನ್ನು ಯಾರೂ ಕರೆಯಬೇಕಿರಲಿಲ್ಲ. ಯಾರಾದರೂ ಇಂಪೋರ್ಟ್ ಮಾಡಿಕೊಂಡರೆ ಸಾಕು, ತಾನೇ ಎದ್ದು ಬೆಳಕಿನ ಗೆರೆ ನೋಡುತ್ತ ಕೂರುತ್ತಿತ್ತು. ಮೊದಲು ಅದೇ ಫೈಲಿನಲ್ಲಿ ದೂರ ಅಳೆಯುವ ಫಂಕ್ಷನ್ ಕೂಡ ಇತ್ತು. ಅದರ ಸಲುವಾಗಿ ಇಂಪೋರ್ಟ್ ಸಾಲು ಉಳಿದಿತ್ತು, ಆ ಸಾಲಿನಿಂದ ಕಾವಲು ಏಳುತ್ತಿತ್ತು. ಆ ಫಂಕ್ಷನ್ನನ್ನು ನಾನು ಅಳತೆಯ ಫೋಲ್ಡರಿಗೆ ಸಾಗಿಸಿದ್ದೆ. ಕಾವಲಿನಿಂದ ತರಿಸಲು ಉಳಿದದ್ದು ಒಂದು ಟೈಪ್. ಕಂಪೈಲರ್ ಸಾಲನ್ನು ಕಿತ್ತು ಎಸೆದಿತ್ತು. ಕಾವಲು ಎದ್ದೇ ಇರಲಿಲ್ಲ.

"ಕಂಪ್ಯೂಟರ್ ತಾನೇ ಮಾಡೋ ಕಾವಲಿನ ಪರೀಕ್ಷೆ ಎಲ್ಲ ಪಾಸ್ ಅಂತ ಬಂತಲ್ಲೇ ನಿನ್ನೆ," ಎಂದೆ.

"ಆ ಪರೀಕ್ಷೆಗಳು ಕಾವಲನ್ನ ನೇರವಾಗಿ ಇಂಪೋರ್ಟ್ ಮಾಡ್ಕೊಳ್ತವೆ ಅಕ್ಕಾ. ಅಲ್ಲಿ ಅದು ಏಳುತ್ತೆ." ಅವಳು ಕೇಳಿದಳು, "ಹೇಗೂ ಇದು ಇನ್ನೂ ಯಾರ ಕೈಗೂ ಹೋಗಿಲ್ಲ, ಅಲ್ವಾ?"

ಹೋಗಿತ್ತು. ನನ್ನ ಗಂಡನ ಅಂಗಿಯ ಜೇಬಿನಲ್ಲಿ ಹೋಗಿತ್ತು.

ನಮ್ಮವರು ದಾಖಲೆ ಕೋಣೆಯ ಗುಮಾಸ್ತರು. ಎರಡು ರಸ್ತೆ ಆಚೆಯ ಹಳೇ ಕಟ್ಟಡ, ಅದರ ನೆಲಮಾಳಿಗೆಯಲ್ಲಿ ಅವರ ಕೆಲಸ. ಅಲ್ಲಿನ ಯಂತ್ರವನ್ನು ಹೊರಗಿನ ಯಾವ ಜಾಲಕ್ಕೂ ಜೋಡಿಸುವಂತಿಲ್ಲ ಎಂದು ನಿಯಮ. ಹೊಸ ಪ್ರೋಗ್ರಾಂ ಬಂದಾಗಲೆಲ್ಲ ಪೆನ್‌ಡ್ರೈವಿನಲ್ಲಿ ಒಯ್ಯಬೇಕು. ಬೇರೆಯವರ ಕೈಗೆ ಯಾಕೆ ಎಂದು ನಾನು ಮನೆಯಲ್ಲೇ ಇವರಿಗೆ ಕೊಟ್ಟುಬಿಡುತ್ತೇನೆ. ಇವತ್ತು ಬೆಳಿಗ್ಗೆಯೂ ಇವರು ಬೂಟಿನ ಲೇಸು ಕಟ್ಟುತ್ತಿದ್ದಾಗ ಜೇಬಿಗೆ ಹಾಕಿ, "ಹೋದ ತಕ್ಷಣ ಹಾಕಿ, ಮರೀಬೇಡಿ," ಎಂದಿದ್ದೆ. ಮರೆಯುವ ಜಾತಿಯಲ್ಲ ಅವರು. ಆಗ ಅವರೊಂದು ಮಾತು ಹೇಳಿದ್ದರು. ಅದು ಈಗ ನೆನಪಾಯಿತು.

"ಇವತ್ತು ಹನ್ನೆರಡೂವರೆಗೆ ಬೇರೆ ಆಫೀಸಿನವರು ಕಪಾಟು ನೋಡೋಕೆ ಬರ್ತಾರೆ ಕಣೇ. ನಿನ್ನ ಕಾವಲು ತೋರಿಸ್ತೀನಿ."

ಇವರು ತೋರಿಸುವ ರೀತಿ ಹೇಗೆ ಗೊತ್ತೇ? ತಾವೇ ಸಂದಿನಲ್ಲಿ ಹೋಗಿ ನಿಲ್ಲುತ್ತಾರೆ. ಎದೆಗೆ ಕೈಕಟ್ಟಿ, ಮದುವೆ ಫೋಟೋಕ್ಕೆ ನಿಂತವರ ಹಾಗೆ ನಿಂತು, ಒತ್ತಿ ಎಂದು, ಮೇಲಿನ ಕೌಂಟರಿನಲ್ಲಿ ಕೂತು ಫೋನು ನೋಡಿಕೊಳ್ಳುವ ಕೌಂಟರಮ್ಮನಿಗೆ ಹೇಳುತ್ತಾರೆ. ಕಪಾಟು ಸರಿಯುತ್ತ ಬಂದು ಗೇಣು ದೂರದಲ್ಲಿ ಗಕ್ಕನೆ ನಿಲ್ಲುತ್ತದೆ. ಬಂದವರು ಅಬ್ಬಾ ಎನ್ನುತ್ತಾರೆ. "ಬರೆದವಳು ನನ್ನ ಹೆಂಡ್ತಿ," ಎಂದು ಇವರು ಬೀಗುತ್ತಾರೆ. ಹುಚ್ಚಾಟ ಬಿಡಿ ಎಂದು ಎಷ್ಟು ಸಲ ಬೈದಿದ್ದೇನೋ. ಸುಳ್ಳು ಯಾಕೆ ಹೇಳಲಿ, ಬೈಯುತ್ತಲೇ ಒಳಗೊಳಗೆ ಹಿಗ್ಗುತ್ತಿದ್ದೆ.

ಗೋಡೆ ಗಡಿಯಾರದಲ್ಲಿ ಹನ್ನೆರಡು ಹದಿನಾಲ್ಕು.

ಅವರ ಮೊಬೈಲಿಗೆ ಮಾಡಿದೆ. ನೆಲಮಾಳಿಗೆಯಲ್ಲಿ ಯಾವತ್ತೂ ಸಿಗುವುದಿಲ್ಲ, ಆದರೂ ಮಾಡಿದೆ. ಕೌಂಟರಿನ ಫೋನು ಬಡಿದುಕೊಂಡಿತು, ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಯಾಕಮ್ಮ ಕಟ್ಟಡದ ದೊಡ್ಡ ನಂಬರಿಗೆ ಮಾಡಿದಳು. ನಿಮ್ಮ ಕರೆ ನಮಗೆ ಮುಖ್ಯ, ದಯವಿಟ್ಟು ಕಾಯಿರಿ ಎಂದಿತು ಯಂತ್ರದ ದನಿ. ಕಾಯಬೇಕಂತೆ!

"ಅಕ್ಕಾ, ಒಂದೇ ಸಾಲು. ಏನು ಬೇಕು ಅಂತ ಹೆಸರು ಹೇಳದೆ ಇಡೀ ಫೈಲನ್ನೇ ಇಂಪೋರ್ಟ್ ಮಾಡಿದ್ರೆ ಕಾವಲು ಏಳುತ್ತೆ. ಈಗ್ಲೇ ಮಾಡ್ಕೊಡ್ಲಾ?"

"ಮಾಡಿ ಯಾರ ತಲೆಗೆ ಹಾಕ್ತೀಯೇ! ಫೋನ್ ಬಿಡ್ಬೇಡ, ಮಾಡ್ತಾ ಇರು. ಯಾರು ಎತ್ತಿದ್ರೂ ಸಂದಿಗೆ ಹೋಗ್ಬೇಡಿ ಅನ್ನು, ಅಷ್ಟೇ!"

ಮೆಟ್ಟಿಲು ಇಳಿದದ್ದು ನೆನಪಿಲ್ಲ. ರಸ್ತೆಯಲ್ಲಿ ಪೈಪಿಗೆಂದು ಉದ್ದಕ್ಕೂ ಅಗೆದು ಹಾಕಿದ್ದರು, ಗಾಡಿಗಳು ಇದ್ದಲ್ಲೇ ನಿಂತಿದ್ದವು. ಓಡಿದೆ. ಐವತ್ತರ ಹತ್ತಿರದ ಹೆಂಗಸು ಕೂದಲು ಕೆದರಿಕೊಂಡು ಓಡುವುದನ್ನು ಜನ ನಿಂತು ನೋಡಿದರು. ನೋಡಲಿ, ಅವರ ಗಂಟೇನು ಹೋಗಬೇಕು. ಓಡುತ್ತಿದ್ದರೂ ತಲೆ ಮಾತ್ರ ಸುಮ್ಮನಿರಲಿಲ್ಲ. ಇವರ ಎದೆಯ ಅಗಲ ಎಷ್ಟು, ಸಂದು ಮುಚ್ಚಲು ಎಷ್ಟು ಸೆಕೆಂಡು ಎಂದು ಲೆಕ್ಕ ಹಾಕುತ್ತಿತ್ತು. ಹನ್ನೊಂದು ಸೆಕೆಂಡು. ಆ ವೇಗವನ್ನು ಗೊತ್ತು ಮಾಡಿದವಳೂ ನಾನೇ. ಬೇಡ, ಬೇಡ ಎಂದು ಜೋರಾಗಿ ಹೇಳಿಕೊಂಡೆ. ಅವರಿಗೆ ಇವತ್ತು ಹೊಟ್ಟೆನೋವು ಬರಲಿ, ಬರುವವರು ದಾರಿ ತಪ್ಪಲಿ, ಕರೆಂಟು ಹೋಗಲಿ ಎಂದು ಕಂಡ ಕಂಡ ದೇವರನ್ನೆಲ್ಲ ಬೇಡಿಕೊಂಡೆ. ಮೊದಲನೇ ತಿರುವಿನಲ್ಲಿ ಒಂದು ಚಪ್ಪಲಿ ಕಿತ್ತಿತು. ಇನ್ನೊಂದನ್ನೂ ಅಲ್ಲೇ ಬಿಟ್ಟೆ.

ಗೇಟಿನ ಕಾವಲುಗಾರ ಗುರುತಿನ ಚೀಟಿ ಕೇಳಿದ. ಏನು ಹೇಳಿದೆನೋ, ದಾರಿ ಬಿಟ್ಟ. ಬಂದವರೆಲ್ಲ ಆಗಲೇ ಕೆಳಗೆ ಹೋದರು ಎಂದು ಹಿಂದಿನಿಂದ ಕೂಗಿ ಹೇಳಿದ. ಕೌಂಟರು ಖಾಲಿಯಿತ್ತು. ಮೇಜಿನ ಮೇಲೆ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಆ ತುದಿಯಲ್ಲಿ ಯಾಕಮ್ಮ.

ನೆಲಮಾಳಿಗೆಯ ಮೆಟ್ಟಿಲಿನ ಅರ್ಧಕ್ಕೆ ಬಂದಾಗ ಆ ಸದ್ದು ಕೇಳಿಸಿತು. ಗುರ್ ಎಂದು ಮೋಟಾರು ಎದ್ದ ಸದ್ದು.

ಏಳೆಂಟು ಜನ ನನ್ನ ಕಡೆ ಬೆನ್ನು ಮಾಡಿ ನಿಂತಿದ್ದರು. ಕೌಂಟರಮ್ಮನ ಬೆರಳು ಇನ್ನೂ ಗುಂಡಿಯ ಮೇಲಿತ್ತು. ಜನರ ತಲೆಗಳ ನಡುವೆ ನಮ್ಮವರು ಕಂಡರು. ಎದೆಗೆ ಕೈಕಟ್ಟಿ, ಗಲ್ಲ ಎತ್ತಿ, ನಗುತ್ತ ನಿಂತಿದ್ದರು. ಬಲಗಡೆಯಿಂದ ಕಪಾಟು ಬರುತ್ತಿತ್ತು.

"ರೀ! ಆಚೆ ಬನ್ರೀ!" ಎಂದು ಕಿರುಚಿದೆ. ಅಷ್ಟು ದೂರ ಓಡಿ ಬಂದ ಎದೆಯಲ್ಲಿ ಉಸಿರೆಲ್ಲಿ? ಸಣ್ಣ ಕೀರಲು ದನಿ ಬಂತು, ಮೋಟಾರಿನಲ್ಲಿ ಮುಳುಗಿತು. ಹಿಂದೆ ನಿಂತಿದ್ದ ಒಬ್ಬರು ತಿರುಗಿ, ಶ್, ತೋರಿಸ್ತಾ ಇದ್ದಾರೆ ಎಂದರು.

ಮೋಟಾರುಗಳ ಮೇನ್ ಸ್ವಿಚ್ ಮೆಟ್ಟಿಲ ಪಕ್ಕದ ಗೋಡೆಯಲ್ಲಿತ್ತು, ಮೊಳದುದ್ದದ ಕೆಂಪು ಹಿಡಿ. ಹಾರಿ ಅದಕ್ಕೆ ಜೋತುಬಿದ್ದೆ. ವರ್ಷಗಟ್ಟಲೆ ಯಾರೂ ಮುಟ್ಟದೆ ಬಿಗಿದುಕೊಂಡಿತ್ತು. ಇಳಿಯಲಿಲ್ಲ. ಕಾಲನ್ನು ಗೋಡೆಗೆ ಊರಿ, ಮೈಯ ಭಾರವನ್ನೆಲ್ಲ ಹಾಕಿ ಎಳೆದೆ. ಆ ಹೊತ್ತಿನಲ್ಲಿ ಅವರನ್ನು ನೋಡಲಾಗಲಿಲ್ಲ, ಕಣ್ಣು ಮುಚ್ಚಿದ್ದೆ. ಅಷ್ಟು ಹೆದರಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಖಟ್ ಎಂದು ಹಿಡಿ ಇಳಿಯಿತು. ಸದ್ದು ನಿಂತಿತು.

ಚಪ್ಪಾಳೆ ಕೇಳಿಸಿತು.

ಕಣ್ಣು ತೆರೆದು ನೋಡಿದರೆ ನಮ್ಮವರು ಮೈಯನ್ನು ಅಡ್ಡ ತಿರುಗಿಸಿ, ಹೊಟ್ಟೆ ಒಳಗೆಳೆದುಕೊಂಡು ಸಂದಿನಿಂದ ಹೊರಬರುತ್ತಿದ್ದರು. ಬಲ ತೋಳಿನ ಮೇಲೆ ಕಪಾಟಿನ ಅಂಚಿನ ಧೂಳು ಉದ್ದಕ್ಕೆ ಹತ್ತಿತ್ತು. ಅಂಗಿಯ ಗುಂಡಿಯೊಂದು ಕಿತ್ತಿತ್ತು. ಮುಖದ ತುಂಬ ನಗು.

"ನೋಡಿದ್ರಾ? ಇವತ್ತು ಸ್ವಲ್ಪ ತುಂಟತನ ಮಾಡ್ತು, ತೋಳು ಮುಟ್ಟೋವರೆಗೂ ಬಂತು. ನಾನು ಕದಲಿದ್ನಾ? ಕದಲಲಿಲ್ಲ. ನಿಲ್ಲುತ್ತೆ ಅಂತ ಗೊತ್ತು, ಇನ್ಯಾಕೆ ಹೆದರ್ಬೇಕು? ಬರೆದವಳು ನನ್ನ..." ಅಷ್ಟರಲ್ಲಿ ನಾನು ಕಣ್ಣಿಗೆ ಬಿದ್ದೆ. "ಏ, ನೀನ್ಯಾವಾಗ ಬಂದೆ? ನೋಡಿ ಸ್ವಾಮಿ, ಇವಳೇ. ನೂರು ವರ್ಷ ಆಯಸ್ಸು ಇವಳಿಗೆ!"

ಎಲ್ಲರೂ ನನ್ನ ಕಡೆ ತಿರುಗಿ ಮತ್ತೊಂದು ಸುತ್ತು ಚಪ್ಪಾಳೆ ತಟ್ಟಿದರು. ಬರಿಗಾಲು, ಬೆವರು, ಗೋಡೆಗೆ ಒತ್ತಿಕೊಂಡ ಮೈ. ಕೌಂಟರಮ್ಮ ಮಾತ್ರ ತಟ್ಟಲಿಲ್ಲ. ಅವರು ಇಳಿದ ಕೆಂಪು ಹಿಡಿಯನ್ನೂ ಅದರ ಮೇಲಿದ್ದ ನನ್ನ ಕೈಯನ್ನೂ ನೋಡುತ್ತಿದ್ದರು.

ಹೇಳಬೇಡ ಎಂದಿತು ಮನಸ್ಸು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಕರೆಂಟಿನ ತೊಂದರೆ ಎಂದರಾಯಿತು. ಯಾಕಮ್ಮನ ಒಂದು ಸಾಲು ಸೇರಿಸಿ ಸಂಜೆಯೊಳಗೆ ಹೊಸ ಪೆನ್‌ಡ್ರೈವ್ ತಂದರಾಯಿತು. ಯಾರಿಗೂ ಗೊತ್ತಾಗುವುದಿಲ್ಲ. ಇವರು ಮುಂದಿನ ಸಲವೂ ಹೀಗೆಯೇ ಬೀಗುತ್ತಾರೆ, ನಾನು ಹೀಗೆಯೇ ಬೈಯುತ್ತೇನೆ. ಆ ಚಪ್ಪಾಳೆಯ ಎದುರು ಬಾಯಿ ತೆರೆಯಲು ನನಗೆ ಸಂದಿನಷ್ಟೇ ಭಯವಾಗುತ್ತಿತ್ತು.

ಬಂದವರಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬರು ಮುಂದೆ ಬಂದರು. "ಗುಮಾಸ್ತರೇ, ನಾನೂ ಒಂದ್ಸಲ ನಿಂತ್ಕೊಳ್ಲಾ? ನಮ್ಮಲ್ಲೂ ಇದನ್ನೇ ಹಾಕ್ಸೋಣ ಅಂತಿದ್ದೀವಿ," ಎಂದರು.

"ಧಾರಾಳವಾಗಿ ಬನ್ನಿ, ಬನ್ನಿ," ಎಂದು ನಮ್ಮವರು ಅವರಿಗೆ ಸಂದಿನ ದಾರಿ ಬಿಟ್ಟರು.

"ಬೇಡ!" ಎಂದೆ. ಈ ಸಲ ದನಿ ಬಂತು, ನೆಲಮಾಳಿಗೆಯೆಲ್ಲ ಕೇಳುವಂತೆ ಬಂತು. "ಕಾವಲು ನಿಲ್ಲಿಸ್ಲಿಲ್ಲ ರೀ. ಸ್ವಿಚ್ ಎಳೆದು ನಿಲ್ಲಿಸಿದ್ದು ನಾನು. ಬೆಳಿಗ್ಗೆ ಕೊಟ್ಟ ಪ್ರೋಗ್ರಾಮಲ್ಲಿ ಕಾವಲು ಇಲ್ಲ. ಗುಡಿಸ್ತಾ ಗುಡಿಸ್ತಾ ನಾನೇ ಅದನ್ನ ತೆಗೆದುಬಿಟ್ಟಿದ್ದೆ. ಪರೀಕ್ಷೆನೂ ಬೇಡ ಅಂದೆ. ನಂಗೆ ಗೊತ್ತಾಗಿದ್ದು ಈಗ, ಕಾಲು ಗಂಟೆ ಹಿಂದೆ."

ನಮ್ಮವರು ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ಬಂದವರ ಕಡೆ ಕಣ್ಣು ಮಿಟುಕಿಸಿದರು ಕೂಡ. ಮತ್ತೆ ನನ್ನ ಕಾಲು ನೋಡಿದರು. ಕೆಂಪು ಹಿಡಿ ನೋಡಿದರು. ಹಿಂದಕ್ಕೆ ತಿರುಗಿ ಸಂದನ್ನು ನೋಡಿದರು. ಅವರ ಮೈಯ ಅಗಲಕ್ಕಿಂತ ಒಂದು ಬೆರಳೂ ಹೆಚ್ಚು ಉಳಿದಿರಲಿಲ್ಲ. ಅವರ ಕೈ ತಾನಾಗಿ ಅಂಗಿಯ ಗುಂಡಿ ಕಿತ್ತ ಜಾಗಕ್ಕೆ ಹೋಯಿತು.

"ಅಂದ್ರೆ, ಅದು ನಿಲ್ತಾ ಇರ್ಲಿಲ್ವಾ?"

"ಇಲ್ಲ ರೀ."

"ನಾನು ಆಚೆ ಬರ್ಬೋದಿತ್ತು ಕಣೇ. ತೋಳಿಗೆ ತಾಗಿದಾಗ್ಲೂ ಬರ್ಬೋದಿತ್ತು. ನೀನು ಬರೆದದ್ದು ಅಂತ ನಿಂತಿದ್ದೆ."

ಆಗ ಅವರಿಗೆ ಹೆದರಿಕೆ ಶುರುವಾಯಿತು. ಅಲ್ಲಿಯವರೆಗೆ ಒಂದು ಚೂರೂ ಇರಲಿಲ್ಲ. ನನ್ನ ಕಣ್ಣೆದುರೇ ಮುಖ ಬಿಳುಚಿಕೊಂಡಿತು, ನೆಲದ ಮೇಲೆ ಕೂತುಬಿಟ್ಟರು. ಯಾರೋ ನೀರು ಎಂದರು. ನಾನು ಹಿಡಿ ಬಿಟ್ಟು ಹತ್ತಿರ ಹೋಗಲು ಒಂದು ಹೆಜ್ಜೆ ಇಟ್ಟೆ, ಮತ್ತೆ ಹಿಡಿ ಮೇಲೆ ಹೋಗಿಬಿಟ್ಟರೆ ಎಂಬ ಹುಚ್ಚು ಭಯದಲ್ಲಿ ಹಿಂದಕ್ಕೆ ಬಂದು ಅದನ್ನೇ ಎರಡೂ ಕೈಯಲ್ಲಿ ಅದುಮಿ ಹಿಡಿದೆ.

"ನಾನು ಹಿಡ್ಕೊಂಡಿದ್ದೀನಿ ರೀ. ಬಿಡಲ್ಲ. ಇನ್ನೇನೂ ಆಗಲ್ಲ," ಎಂದೆ.

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೋಪವಿರಲಿಲ್ಲ. ಕಪಾಟನ್ನು ನೋಡಿದ ಕಣ್ಣಿನಲ್ಲೇ ನನ್ನನ್ನೂ ನೋಡುತ್ತಿದ್ದರು. ನಿಧಾನವಾಗಿ ಕೌಂಟರಮ್ಮನ ಕಡೆ ತಿರುಗಿದರು.

"ಸ್ವಿಚ್ಚು ನೀವು ಹಿಡ್ಕೊಳ್ಳಿ ಮೇಡಂ," ಎಂದರು. "ಅವಳು ಬೇಡ."

ಕೌಂಟರಮ್ಮ ಬಂದರು. ನಾನು ಕೈ ತೆಗೆದು ಅವರಿಗೆ ಜಾಗ ಬಿಟ್ಟೆ.